ಸೂರ್ಯನ ದೂರ: ಒಂದು ಅಂಕಿಯ ಇತಿಹಾಸ

ಭೂಮಿಯಿಂದ ಸೂರ್ಯನಿಗೆ ಇರುವ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಶಾಲಾ ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಸೌರಮಂಡಲದ ಉಳಿದೆಲ್ಲ ಅಂಕಿಗಳೂ ಇದರ ಮೇಲೆಯೇ ನಿಂತಿವೆ. ಗುರುಗ್ರಹದ ಗಾತ್ರ, ಸೂರ್ಯನ ತೂಕ, ನಕ್ಷತ್ರಗಳ ದೂರ ಯಾವುದನ್ನು ಲೆಕ್ಕ ಹಾಕಬೇಕಾದರೂ ಮೊದಲು ಈ ದೂರ ಗೊತ್ತಿರಬೇಕು. ವಿಚಿತ್ರವೆಂದರೆ, ಸೂರ್ಯನನ್ನೇ ನೇರವಾಗಿ ಅಳೆದು ಇದನ್ನು ಸರಿಯಾಗಿ ಕಂಡುಕೊಂಡವರು ಯಾರೂ ಇಲ್ಲ. ಚಂದ್ರ, ಮಂಗಳ, ಶುಕ್ರ, ಕೊನೆಗೆ ಒಂದು ಪುಟ್ಟ ಕ್ಷುದ್ರಗ್ರಹ, ಹೀಗೆ ಪ್ರತಿ ಬಾರಿಯೂ ನಡುವೆ ಮತ್ತೊಂದು ಕಾಯವನ್ನು ಹಿಡಿದೇ ಸೂರ್ಯನ ಲೆಕ್ಕಕ್ಕೆ ಹೋಗಬೇಕಾಯಿತು. ಈ ಇತಿಹಾಸವನ್ನು ಉಪಕರಣಗಳ ಸುಧಾರಣೆಯ ಕಥೆಯಾಗಿ ಹೇಳುವುದು ವಾಡಿಕೆ. ದಾಖಲೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಬೇರೆಯದೇ ಎದ್ದು ಕಾಣುತ್ತದೆ: ದೊಡ್ಡ ತಪ್ಪುಗಳು ಬಂದದ್ದು ದುರ್ಬೀನುಗಳಿಂದ ಅಲ್ಲ, ಯಾರೂ ಕೆದಕಿ ನೋಡದ ಊಹೆಗಳಿಂದ.

ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸಾಮೋಸ್‌ನ ಅರಿಸ್ಟಾರ್ಕಸ್ ಒಂದು ಚೊಕ್ಕ ಉಪಾಯ ಹೂಡಿದ. ಚಂದ್ರ ಸರಿಯಾಗಿ ಅರ್ಧ ಬೆಳಗಿದಾಗ ಸೂರ್ಯ, ಚಂದ್ರ, ಭೂಮಿಗಳು ಲಂಬಕೋನ ತ್ರಿಭುಜ ಮಾಡುತ್ತವೆ. ಆಗ ಸೂರ್ಯ ಮತ್ತು ಚಂದ್ರರ ನಡುವಿನ ಕೋನ ಅಳೆದರೆ ದೂರಗಳ ಅನುಪಾತ ಸಿಗಬೇಕು. ಅವನು ಹಿಡಿದ ಕೋನ 87 ಡಿಗ್ರಿ. ಸೂರ್ಯ ಚಂದ್ರನಿಗಿಂತ 18ರಿಂದ 20 ಪಟ್ಟು ದೂರ ಎಂದು ತೀರ್ಮಾನವಾಯಿತು. ನಿಜವಾದ ಕೋನ 89 ಡಿಗ್ರಿ 51 ಕಲೆ (ಡಿಗ್ರಿಯ 60ನೆಯ ಒಂದು ಭಾಗ ಒಂದು ಕಲೆ), ಅನುಪಾತ ಸುಮಾರು 390. ರೇಖಾಗಣಿತದಲ್ಲಿ ಒಂದು ಕುಂದೂ ಇಲ್ಲ. ಆದರೆ ಚಂದ್ರ ಅರ್ಧವಾದ ಗಳಿಗೆಯನ್ನು ಬರಿಗಣ್ಣಿನಿಂದ ಅಷ್ಟು ನಿಖರವಾಗಿ ಹಿಡಿಯುವುದು ಆಗದ ಮಾತು. ಮುಂದೆ ಟಾಲೆಮಿ ಬೇರೆ ದಾರಿಯಿಂದ ಹೋಗಿಯೂ ಹೆಚ್ಚುಕಡಿಮೆ ಅದೇ ಅನುಪಾತಕ್ಕೆ ಬಂದು ಮುಟ್ಟಿದ: ಸೂರ್ಯನ ದೂರ ಭೂಮಿಯ ತ್ರಿಜ್ಯದ 1,210 ಪಟ್ಟು. ಇಂದಿನ ಲೆಕ್ಕದಲ್ಲಿ ಅದು 23,455 ಪಟ್ಟು. ಎರಡು ಬೇರೆ ವಿಧಾನಗಳು ಒಂದೇ ಉತ್ತರ ಕೊಟ್ಟವು ಎಂಬ ಕಾರಣಕ್ಕೇ ಆ ಉತ್ತರ ಸಾವಿರದ ನಾನೂರು ವರ್ಷ ಅಲುಗದೆ ನಿಂತಿತು.

ನಮ್ಮ ಸಿದ್ಧಾಂತ ಗ್ರಂಥಗಳ ದಾರಿ ಬೇರೆ. ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದ ಯೋಜನಗಳಷ್ಟು ಚಲಿಸುತ್ತವೆ ಎಂಬುದು ಅಲ್ಲಿನ ಮೂಲ ಕಲ್ಪನೆ. ಸೂರ್ಯಸಿದ್ಧಾಂತದ ಪ್ರಕಾರ ಈ ದಿನಗತಿ ಸುಮಾರು 11,858 ಯೋಜನ. ಶನಿ ನಿಧಾನವಾಗಿ ಕಾಣುವುದು ಅವನ ಕಕ್ಷೆ ದೊಡ್ಡದಾದ್ದರಿಂದ, ಚಂದ್ರ ಬೇಗ ಸುತ್ತುವುದು ಅವನ ಕಕ್ಷೆ ಚಿಕ್ಕದಾದ್ದರಿಂದ. ಚಂದ್ರನ ಕಕ್ಷೆಯಲ್ಲಿ ಒಂದು ಕಲೆಗೆ 15 ಯೋಜನ ಎಂದು ಇಟ್ಟುಕೊಂಡರೆ ಇಡೀ ಕಕ್ಷೆ 3,24,000 ಯೋಜನ. ಭೂಮಿಯ ವ್ಯಾಸ 1,600 ಯೋಜನ ಎಂದು ಅದೇ ಗ್ರಂಥ ಹೇಳುವುದರಿಂದ ಚಂದ್ರನ ದೂರ ಭೂತ್ರಿಜ್ಯದ ಸುಮಾರು 64 ಪಟ್ಟು ಎಂದಾಗುತ್ತದೆ. ಸರಿಯಾದ ಸರಾಸರಿ 60ರ ಆಸುಪಾಸು. ಮೆಚ್ಚಬೇಕಾದ ಫಲಿತಾಂಶ. ಆರ್ಯಭಟ ಒಂದು ಕಲೆಗೆ 10 ಯೋಜನ, ಭೂವ್ಯಾಸ 1,050 ಯೋಜನ ಎಂದು ಬೇರೆ ಅಳತೆಯ ಯೋಜನ ಹಿಡಿದರೂ ಅನುಪಾತ ಸುಮಾರು 65ಕ್ಕೇ ಬರುತ್ತದೆ.

ಅದೇ ಸೂತ್ರವನ್ನು ಸೂರ್ಯನಿಗೆ ಹಚ್ಚಿದಾಗ ಲೆಕ್ಕ ಹಳಿ ತಪ್ಪುತ್ತದೆ. ಸೂರ್ಯಸಿದ್ಧಾಂತದಲ್ಲಿ ರವಿಕಕ್ಷೆ 43,31,500 ಯೋಜನ; ದೂರ ಭೂತ್ರಿಜ್ಯದ ಸುಮಾರು 862 ಪಟ್ಟು. ಆರ್ಯಭಟನದು 875, ಭಾಸ್ಕರಾಚಾರ್ಯನ ಸಿದ್ಧಾಂತ ಶಿರೋಮಣಿಯದು 872. ಮೂವರೂ ಒಂದೇ ಕಡೆ ನಿಂತದ್ದಕ್ಕೆ ಕಾರಣ ಅವರ ಯೋಜನವಲ್ಲ, ಸಮಗತಿಯ ಕಲ್ಪನೆ. ದೂರದ ಗ್ರಹ ನಿಜಕ್ಕೂ ನಿಧಾನವಾಗಿ ಚಲಿಸಬಹುದು ಎಂಬ ಅನುಮಾನ ಆ ಚೌಕಟ್ಟಿನಲ್ಲಿ ಹುಟ್ಟುವಂತೆಯೇ ಇರಲಿಲ್ಲ.

ಇಷ್ಟು ದೊಡ್ಡ ದೋಷ ಹೇಗೆ ಉಳಿದುಕೊಂಡಿತು? ಇದಕ್ಕೆ ಉತ್ತರ ‘ಲಂಬನ’ದಲ್ಲಿದೆ. ಭೂಕೇಂದ್ರದಿಂದ ನೋಡಿದ ಸ್ಥಾನಕ್ಕೂ ಭೂಮಿಯ ಮೇಲ್ಮೈಯಿಂದ ನೋಡಿದ ಸ್ಥಾನಕ್ಕೂ ಬರುವ ವ್ಯತ್ಯಾಸವೇ ಲಂಬನ. ವಸ್ತು ದೂರ ಹೋದಷ್ಟೂ ಅದು ಕುಗ್ಗುತ್ತದೆ. ಸಿದ್ಧಾಂತಗಳು ಕ್ಷಿತಿಜದಲ್ಲಿ ಗ್ರಹದ ಲಂಬನ ಅದರ ದಿನಗತಿಯ 15ನೆಯ ಒಂದು ಭಾಗ ಎಂದು ಹಿಡಿದವು. ಚಂದ್ರನಿಗೆ ಅದು 53 ಕಲೆ, ಸೂರ್ಯನಿಗೆ ಹತ್ತಿರ ಹತ್ತಿರ 4 ಕಲೆ. ಸೂರ್ಯನ ನಿಜವಾದ ಲಂಬನ 8.794 ವಿಕಲೆ (ಕಲೆಯ 60ನೆಯ ಒಂದು ಭಾಗ ಒಂದು ವಿಕಲೆ), ಅಂದರೆ ಒಂದು ಕಲೆಯ ಸುಮಾರು ಏಳನೆಯ ಒಂದು ಭಾಗ ಅಷ್ಟೆ. ಪಂಚಾಂಗ ಮಾಡುವವರಿಗೆ ಬೇಕಿದ್ದುದು ಗ್ರಹಣದ ಸ್ಪರ್ಶ, ಮೋಕ್ಷಗಳ ಹೊತ್ತು. ಆ ಲೆಕ್ಕದಲ್ಲಿ ಚಂದ್ರನ ಪಾಲೇ ದೊಡ್ಡದು. ಸೂರ್ಯನ ಪಾಲಿನ ತಪ್ಪು ಅದರಲ್ಲಿ ಅಡಗಿಹೋಗುತ್ತಿತ್ತು. ಗ್ರಹಣ ಹೇಳಿದ ಹೊತ್ತಿಗೆ ಹತ್ತಿರದಲ್ಲೇ ಹಿಡಿಯುತ್ತಿದ್ದಾಗ ರವಿಕಕ್ಷೆಯ ಯೋಜನಗಳನ್ನು ಕೆದಕುವ ಗೋಜಿಗೆ ಹೋಗುವವರು ಯಾರು?

ಇದರಿಂದ ಹೊರಬರುವ ಬಾಗಿಲು ತೆರೆದದ್ದು 1619ರಲ್ಲಿ, ಕೆಪ್ಲರ್‌ನ ಮೂರನೆಯ ನಿಯಮದಿಂದ. ಗ್ರಹ ಸುತ್ತುವ ಅವಧಿ ಗೊತ್ತಿದ್ದರೆ ಅದರ ದೂರ ಭೂಮಿಯ ದೂರದ ಎಷ್ಟು ಪಾಲು ಎಂಬುದು ತಾನಾಗಿ ಸಿಗುತ್ತದೆ: ಶುಕ್ರ 0.72, ಮಂಗಳ 1.52, ಗುರು 5.2. ಸಮಗತಿಯ ಕಲ್ಪನೆಯ ಜಾಗಕ್ಕೆ ಸರಿಯಾದ ನಿಯಮ ಬಂತು. ಹಳ್ಳಿಯ ನಕಾಶೆ ಕೈಗೆ ಬಂದರೂ ಅದರ ಮೂಲೆಯಲ್ಲಿ ಒಂದು ಇಂಚಿಗೆ ಎಷ್ಟು ಮೈಲಿ ಎಂದು ಬರೆಯದಿದ್ದರೆ ಹೇಗೋ ಹಾಗಾಯಿತು ಪರಿಸ್ಥಿತಿ. ಯಾವುದಾದರೂ ಒಂದು ಗ್ರಹದ ದೂರ ಮೈಲಿಗಳಲ್ಲಿ ಸಿಕ್ಕರೆ ಸಾಕು, ಉಳಿದದ್ದೆಲ್ಲ ಗುಣಾಕಾರ.

1672ರಲ್ಲಿ ಮಂಗಳ ಭೂಮಿಗೆ ಸಮೀಪ ಬಂದಾಗ ಪ್ಯಾರಿಸ್‌ನಿಂದ ಕ್ಯಾಸಿನಿಯೂ ದಕ್ಷಿಣ ಅಮೆರಿಕದ ಕಯೆನ್ ದ್ವೀಪದಿಂದ ರಿಷೆಯೂ ಅದನ್ನು ನೋಡಿದರು. ಸೂರ್ಯನ ಲಂಬನ ಸುಮಾರು 9.5 ವಿಕಲೆ, ದೂರ ಸುಮಾರು 14 ಕೋಟಿ ಕಿ.ಮೀ. ಎಂದು ಕ್ಯಾಸಿನಿ ಸಾರಿದ. ಜನಪ್ರಿಯ ಪುಸ್ತಕಗಳು ಇದನ್ನು ಮೊದಲ ನಿಜವಾದ ಅಳತೆ ಎಂದು ಕೊಂಡಾಡುತ್ತವೆ. ಇತಿಹಾಸಕಾರ ಆಲ್ಬರ್ಟ್ ವ್ಯಾನ್ ಹೆಲ್ಡನ್ 1985ರಲ್ಲಿ ಆ ವೀಕ್ಷಣೆಗಳನ್ನು ಮತ್ತೆ ಬಿಡಿಸಿ ನೋಡಿ, ಅವುಗಳ ದೋಷದ ಅಂತರವೇ ಹುಡುಕುತ್ತಿದ್ದ ಕೋನದಷ್ಟು ದೊಡ್ಡದಿತ್ತು ಎಂದು ತೋರಿಸಿದರು. ಆ ವಾದ ನನಗೆ ಒಪ್ಪಿಗೆಯಾಗುತ್ತದೆ. ಕ್ಯಾಸಿನಿಯ ಅಂಕಿ ಸತ್ಯದ ಹತ್ತಿರ ಬಿದ್ದದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು.

ಇಂಗ್ಲಿಷ್ ಖಗೋಳಜ್ಞ ಹ್ಯಾಲಿಗೆ ಈ ವಿಧಾನದ ಮೇಲೆ ನಂಬಿಕೆ ಇರಲಿಲ್ಲ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಬುಧ ಸೂರ್ಯಬಿಂಬವನ್ನು ದಾಟುವುದನ್ನು ಅವನು ಕಂಡಿದ್ದ. ಆ ಅನುಭವದಿಂದ ಬೆಳೆದ ಯೋಜನೆಯನ್ನು 1716ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಶುಕ್ರ ಸೂರ್ಯಬಿಂಬವನ್ನು ದಾಟುವಾಗ ಬೇರೆ ಬೇರೆ ಅಕ್ಷಾಂಶದವರಿಗೆ ಅದು ಬೇರೆ ಬೇರೆ ಜ್ಯಾಗಳ ಮೇಲೆ ಸಾಗಿದಂತೆ ಕಾಣುತ್ತದೆ, ದಾಟಲು ಹಿಡಿಯುವ ಹೊತ್ತೂ ಬದಲಾಗುತ್ತದೆ. ಕೋನ ಅಳೆಯುವ ಕಷ್ಟವನ್ನು ಗಡಿಯಾರಕ್ಕೆ ವಹಿಸಿಬಿಟ್ಟರೆ 500ರಲ್ಲಿ ಒಂದು ಪಾಲಿನಷ್ಟು ನಿಖರತೆ ಸಿಗುತ್ತದೆ ಎಂಬುದು ಅವನ ಭರವಸೆ. ಇಂಥ ಶುಕ್ರ ಸಂಕ್ರಮಗಳು ಎಂಟು ವರ್ಷದ ಅಂತರದಲ್ಲಿ ಜೋಡಿಯಾಗಿ ಬಂದು, ಮತ್ತೆ ನೂರು ವರ್ಷಕ್ಕೂ ಮೀರಿ ಮುಖ ತೋರಿಸುವುದಿಲ್ಲ. 1761 ಮತ್ತು 1769ರವನ್ನು ತಾನು ನೋಡಲಾರೆ ಎಂಬುದು ಹ್ಯಾಲಿಗೆ ಗೊತ್ತಿತ್ತು. 1742ರಲ್ಲಿ ಅವನು ತೀರಿಕೊಂಡ.

ಎರಡು ಬಾರಿಯೂ ಯುರೋಪಿನ ರಾಜ್ಯಗಳು ತಂಡಗಳನ್ನು ದಿಕ್ಕುದಿಕ್ಕಿಗೆ ಕಳಿಸಿದವು. 1761ರ ಜೂನ್ 6ರಂದು ಮದ್ರಾಸಿನಲ್ಲಿ ಪಾದ್ರಿ ವಿಲಿಯಂ ಹರ್ಸ್ಟ್ ಸಂಕ್ರಮವನ್ನು ನೋಡಿ ದಾಖಲಿಸಿದ. ಆದರೆ ಭಾರತದ ತೀರದ ಕಥೆಗಳಲ್ಲಿ ಎಲ್ಲರೂ ನೆನೆಯುವುದು ಫ್ರೆಂಚ್ ಖಗೋಳಜ್ಞ ಲಜಾಂತಿಯನ್ನು. ಪಾಂಡಿಚೇರಿಗೆಂದು 1760ರಲ್ಲಿ ಫ್ರಾನ್ಸ್ ಬಿಟ್ಟ ಈತ, ಮಲಬಾರಿನ ಮಾಹೆಯ ಬಳಿ ಬಂದಾಗ ಪಾಂಡಿಚೇರಿ ಇಂಗ್ಲಿಷರ ಪಾಲಾದ ಸುದ್ದಿ ಕೇಳಿದ. ಹಡಗು ಹಿಂದಿರುಗಿತು. ಸಂಕ್ರಮದ ದಿನ ಆಕಾಶ ತಿಳಿಯಾಗಿತ್ತು, ಆದರೆ ಕಾಲ ಕೆಳಗೆ ಓಲಾಡುವ ಹಡಗು. ಲೋಲಕದ ಗಡಿಯಾರ ನಡೆಯದು, ರೇಖಾಂಶ ಗೊತ್ತಿಲ್ಲ. ಎಂಟು ವರ್ಷ ಈ ಕಡಲಲ್ಲೇ ಉಳಿದು 1768ರಲ್ಲಿ ಮತ್ತೆ ಫ್ರೆಂಚರದಾಗಿದ್ದ ಪಾಂಡಿಚೇರಿಗೆ ಬಂದು, ಪಾಳುಬಿದ್ದ ಕೋಟೆಯ ಮೇಲೆ ವೀಕ್ಷಣಾಲಯ ಕಟ್ಟಿದ. ಮದ್ರಾಸಿನ ಇಂಗ್ಲಿಷರೇ ಒಂದು ದುರ್ಬೀನು ಕಳಿಸಿಕೊಟ್ಟರು. 1769ರ ಜೂನ್ 4ರ ಬೆಳಗ್ಗೆ ಸಂಕ್ರಮ ಮುಗಿಯುವವರೆಗೂ ಮೋಡ ಕವಿದು, ಆಮೇಲೆ ಬಿಸಿಲು ಬಂತು. 1771ರಲ್ಲಿ ಪ್ಯಾರಿಸ್ ಸೇರಿದಾಗ ಅವನು ಸತ್ತನೆಂದು ತಿಳಿದು ಬಂಧುಗಳು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು.

ಈ ದುರದೃಷ್ಟದ ಕಥೆ ಎಷ್ಟು ರಸವತ್ತಾಗಿದೆಯೆಂದರೆ ಅವನು ನಿಜಕ್ಕೂ ಮಾಡಿದ ಕೆಲಸ ಅದರಡಿ ಮರೆಯಾಗಿಹೋಗಿದೆ. ಪಾಂಡಿಚೇರಿಯ ತಮಿಳು ಗಣಕರ ಬಳಿ ಕುಳಿತು ಅವನು ಗ್ರಹಣದ ಲೆಕ್ಕ ಕಲಿತ. ಅವರು ಕೋಷ್ಟಕ ತೆರೆಯುತ್ತಿರಲಿಲ್ಲ. ನೆಲದ ಮೇಲೆ ಕವಡೆ ಜೋಡಿಸುತ್ತ, ಸರಿಸುತ್ತ, ಬಾಯಿಪಾಠದ ಪದ್ಯಗಳಿಂದ ಅಂಕಿ ತೆಗೆಯುತ್ತ ಲೆಕ್ಕ ಮುಗಿಸುತ್ತಿದ್ದರು. 1765ರ ಆಗಸ್ಟ್ 30ರ ಚಂದ್ರಗ್ರಹಣದ ಅವಧಿಯಲ್ಲಿ ಆ ಲೆಕ್ಕ ತಪ್ಪಿದ್ದು 41 ಸೆಕೆಂಡು ಮಾತ್ರ. ಯುರೋಪಿನ ಮೇಯರ್ ಕೋಷ್ಟಕಗಳು ತಪ್ಪಿದ್ದು 68 ಸೆಕೆಂಡು. ಸೂರ್ಯನ ದೂರವನ್ನು ನಿಜದ 25ನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹಿಡಿದಿದ್ದ ಪರಂಪರೆ ಈ ಒಂದು ಗ್ರಹಣದಲ್ಲಿ ಯುರೋಪನ್ನು ಹಿಂದಿಕ್ಕಿತ್ತು. ಅರ್ಧ ಶತಮಾನ ಕಳೆದ ಮೇಲೆ ಇದೇ ಕವಡೆಯ ವಿಧಾನವನ್ನು ವಿವರವಾಗಿ ಬರೆದಿಟ್ಟವನು ‘ಕಾಲಸಂಕಲಿತ’ದ ಕರ್ತೃ ಜಾನ್ ವಾರನ್. ಕೋಲಾರದ ಚಿನ್ನದ ಸುದ್ದಿ ಕೇಳಿ 1802ರಲ್ಲಿ ಅಲ್ಲಿಯ ಮಣ್ಣು ತೊಳೆಸಿ ನೋಡಿದ ಸರ್ವೆ ಅಧಿಕಾರಿಯೂ ಈತನೇ.

ಹ್ಯಾಲಿಯ ಭರವಸೆ ಮುರಿದುಬಿದ್ದದ್ದು ಯುದ್ಧ ಮತ್ತು ಮೋಡಗಳಿಂದ ಮಾತ್ರವಲ್ಲ. ಶುಕ್ರನ ಕಪ್ಪು ಬಿಂಬ ಸೂರ್ಯನ ಅಂಚಿನಿಂದ ಕಳಚಿಕೊಳ್ಳಬೇಕಾದ ಕ್ಷಣದಲ್ಲಿ ಎರಡರ ನಡುವೆ ಹನಿಯಂಥ ಕಪ್ಪು ಕೊಂಡಿ ಉಳಿಯುತ್ತಿತ್ತು. ಟಹಿಟಿಯಲ್ಲಿ ಅಕ್ಕಪಕ್ಕ ನಿಂತ ನಾವಿಕ ಕುಕ್ ಮತ್ತು ಖಗೋಳಜ್ಞ ಗ್ರೀನ್ ಬರೆದುಕೊಂಡ ಸಮಯಗಳೇ ಹೊಂದಲಿಲ್ಲ. ದುರ್ಬೀನಿನ ಬಿಂಬದ ಮಸುಕು, ಸೂರ್ಯನ ಅಂಚು ಮಬ್ಬಾಗಿರುವುದು ಇದರ ಮುಖ್ಯ ಕಾರಣಗಳು ಎಂಬುದು ಪೂರ್ತಿ ಸ್ಪಷ್ಟವಾದದ್ದು 1999ರ ಬುಧ ಸಂಕ್ರಮವನ್ನು ಉಪಗ್ರಹದಿಂದ ನೋಡಿದ ಮೇಲೆ. ಸಂಕ್ರಮದ ದಾಖಲೆಗಳಿಂದ 1771ರಲ್ಲಿ ಹಾರ್ನ್ಸ್‌ಬಿ ಸೂರ್ಯನ ಲಂಬನ 8.78 ವಿಕಲೆ ಎಂದ, ಅದು ಬಹಳ ಒಳ್ಳೆಯ ಅಂಕಿ. 1824ರಲ್ಲಿ ಎಂಕೆ ಎಲ್ಲ ದಾಖಲೆಗಳನ್ನೂ ಒಟ್ಟುಗೂಡಿಸಿ ಇನ್ನೂ ಕಟ್ಟುನಿಟ್ಟಾದ ಗಣಿತದಿಂದ 8.5776ಕ್ಕೆ ಇಳಿಸಿದ; ದೂರ 15.3 ಕೋಟಿ ಕಿ.ಮೀ.ಗೆ ಏರಿತು. ದಶಮಾಂಶದ ನಾಲ್ಕು ಸ್ಥಾನಗಳ ಠೀವಿಗೆ ಮಾರುಹೋಗಿ ಮೂವತ್ತು ವರ್ಷ ಎಲ್ಲರೂ ಅದನ್ನೇ ಬಳಸಿದರು. ಹಳೆಯದು ಹೊಸದಕ್ಕಿಂತ ಸರಿಯಾಗಿತ್ತು.

1874ರ ಡಿಸೆಂಬರ್ 9ರ ಸಂಕ್ರಮ ಭಾರತಕ್ಕೆಲ್ಲ ಕಾಣುವಂಥದ್ದು. ರೂರ್ಕಿಯಲ್ಲಿ ಟೆನೆಂಟ್ ಇದ್ದ, ಬಂಗಾಳಕ್ಕೆ ಇಟಲಿಯ ತಂಡ ಬಂದಿತ್ತು, ವಿಶಾಖಪಟ್ಟಣದಲ್ಲಿ ಅಂಕಿತಂ ವೆಂಕಟ ನರಸಿಂಗರಾವ್ ತಮ್ಮದೇ ವೀಕ್ಷಣಾಲಯದಿಂದ ನೋಡಿದರು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು ಮದ್ರಾಸ್ ವೀಕ್ಷಣಾಲಯದ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಬರೆದ ಕಿರುಪುಸ್ತಕ. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚಂಚಲ ನಕ್ಷತ್ರವನ್ನು ಕಂಡುಹಿಡಿದಿದ್ದ ಈತ, ಸಂಕ್ರಮವನ್ನು ಪಂಡಿತ ಮತ್ತು ಸಿದ್ಧಾಂತಿಯ ಸಂಭಾಷಣೆಯಾಗಿ ವಿವರಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಓದುಗರಿಗೆ ತಲುಪಿಸಲು ಹೊರಟ. ಅವನ ಎದುರಿಗಿದ್ದವರು ಪಂಚಾಂಗಕರ್ತರು. ಕಣ್ಣಿಗೆ ಕಂಡದ್ದಕ್ಕೆ ಗಣಿತ ಹೊಂದಬೇಕು ಎಂಬ ದೃಗ್ಗಣಿತದ ವಾದ ಅವನದು; ಅದೇ ತತ್ತ್ವದ ಮೇಲೆ ಪಂಚಾಂಗವನ್ನೂ ಹೊರತಂದ. ಸಮಗತಿಯ ಕಲ್ಪನೆಯ ಮೇಲೆ ನಿಂತ ಪರಂಪರೆಗೆ ಹೊಸ ಸೌರಮಂಡಲವನ್ನು ಅದರದೇ ಪರಿಭಾಷೆಯಲ್ಲಿ ತಲುಪಿಸುವ ಪ್ರಯತ್ನವಾಗಿ ಇದನ್ನು ಓದಬೇಕು.

ಮುಂದಿನ ಹಾದಿ ವೇಗದ್ದು. ಛಾಯಾಚಿತ್ರಗಳಿದ್ದರೂ 1874 ಮತ್ತು 1882ರ ಸಂಕ್ರಮಗಳು ನಿರಾಸೆಯನ್ನೇ ತಂದವು. 1877ರಲ್ಲಿ ಡೇವಿಡ್ ಗಿಲ್ ಅಸೆನ್ಷನ್ ದ್ವೀಪದಿಂದ ಮಂಗಳವನ್ನು ಅಳೆದು 8.78 ಎಂದ, ಆಮೇಲೆ ಬಿಂಬವೇ ಕಾಣದ, ಚುಕ್ಕೆಯಂಥ ಕ್ಷುದ್ರಗ್ರಹಗಳ ಕಡೆ ತಿರುಗಿದ. 1898ರಲ್ಲಿ ಸಿಕ್ಕ ಈರೋಸ್ ಭೂಮಿಗೆ ಮಂಗಳಕ್ಕಿಂತ ಹತ್ತಿರ ಬರುತ್ತಿತ್ತು. 1930–31ರ ಈರೋಸ್ ವೀಕ್ಷಣೆಗಳನ್ನು ಹತ್ತು ವರ್ಷ ಕುಳಿತು ಲೆಕ್ಕ ಹಾಕಿದ ಸ್ಪೆನ್ಸರ್ ಜೋನ್ಸ್ 8.790 ವಿಕಲೆಗೆ ಬಂದು ನಿಂತ.

ರೇಡಾರ್ ಬಂದಾಗಲಾದರೂ ಊಹೆಗಳ ಕಾಟ ತಪ್ಪಿತೇ? ಅಮೆರಿಕದ ಲಿಂಕನ್ ಲ್ಯಾಬೊರೇಟರಿ ತನಗೆ 1958ರಲ್ಲಿ ಶುಕ್ರನಿಂದ ಪ್ರತಿಧ್ವನಿ ಬಂದಿತ್ತು ಎಂದು 1959ರಲ್ಲಿ ಪ್ರಕಟಿಸಿತು. ಅದೇ ವರ್ಷ ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್ ಅದನ್ನು ದೃಢಪಡಿಸಿತು. 1961ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ಕೇಂದ್ರಕ್ಕೆ ನಿಜವಾದ ಪ್ರತಿಧ್ವನಿ ಸಿಕ್ಕಾಗ, ಹಿಂದಿನ ಎರಡೂ ಕಡೆ ಹಿಡಿದದ್ದು ಬರೀ ಗದ್ದಲ ಎಂದು ತಿಳಿಯಿತು. ದೂರದ ಅಂಕಿ ಲಕ್ಷ ಕಿ.ಮೀ.ಗೂ ಮೀರಿ ತಪ್ಪಿತ್ತು. ಟಾಲೆಮಿಯ ಕಾಲದಂತೆಯೇ ಇಲ್ಲಿಯೂ ಇಬ್ಬರು ಒಂದೇ ಉತ್ತರ ಹೇಳಿದ್ದೇ ಸಾಕ್ಷಿಯಾಗಿತ್ತು.

2012ರ ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಭೂಮಿಯಿಂದ ಸೂರ್ಯನ ಸರಾಸರಿ ದೂರದ ಮಾನವಾದ ಖಗೋಳಮಾನವನ್ನು 1,49,59,78,70,700 ಮೀಟರ್ ಎಂದು ಗೊತ್ತುಪಡಿಸಿತು. ಅಲ್ಲಿಂದ ಮುಂದೆ ಅದು ಅಳೆಯುವ ಅಂಕಿಯಲ್ಲ, ಮೀಟರಿನಂತೆ ಒಪ್ಪಂದದ ಮಾನ. ಸೂರ್ಯ ಮಾತ್ರ ಈ ನಿರ್ಣಯಕ್ಕೆ ಕಟ್ಟುಬಿದ್ದಿಲ್ಲ. ಸೆಕೆಂಡಿಗೆ 40 ಲಕ್ಷ ಟನ್‌ಗೂ ಹೆಚ್ಚು ದ್ರವ್ಯವನ್ನು ಬೆಳಕಾಗಿ ಕಳೆದುಕೊಳ್ಳುತ್ತ, ಸೌರಮಾರುತದಲ್ಲಿ ಇನ್ನಷ್ಟನ್ನು ಚೆಲ್ಲುತ್ತ ಅದು ಹಗುರಾಗುತ್ತಿದೆ. ಅದರ ಹಿಡಿತ ಸಡಿಲವಾದಂತೆ ಭೂಮಿಯ ಕಕ್ಷೆ ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರಿನಷ್ಟು ಹಿಗ್ಗುತ್ತಿದೆ.