ಅಬು-ಖಲೀಲ್, ರಬೀಹ್
(ಜನನ 1957). ಲೆಬನಾನ್ ಮೂಲದ ಊದ್ ವಾದಕ, ಸಂಯೋಜಕ. ಹುಟ್ಟಿ ಬೆಳೆದದ್ದು ಬೈರೂತ್‌ನಲ್ಲಿ. ಅಲ್ಲಿನ ಸಂಗೀತ ಶಾಲೆಯಲ್ಲಿ ಊದ್ ಕಲಿತ. ಅಂತರ್ಯುದ್ಧದ ಕಾರಣ 1978ರಲ್ಲಿ ಊರು ಬಿಟ್ಟು ಜರ್ಮನಿಯ ಮ್ಯೂನಿಕ್ ಸೇರಿದ. ಅಲ್ಲಿ ಅಭ್ಯಾಸ ಮಾಡಿದ್ದು ಪಾಶ್ಚಾತ್ಯ ಶಾಸ್ತ್ರೀಯ ಕೊಳಲು. ಅರಬ್ ಸಂಗೀತವನ್ನು ಹೊರಗೆ ನಿಂತು ನೋಡುವ ಕಣ್ಣು ಬಂದದ್ದು ಈ ಕಲಿಕೆಯಿಂದಲೇ.

ಊದ್ ಎಂದರೆ ಗಿಡ್ಡ ಕೊರಳಿನ, ದುಂಡು ಬೆನ್ನಿನ ತಂತಿವಾದ್ಯ. ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ. ಆದ್ದರಿಂದ ಅರಬ್ ಮಕಾಮ್‌ಗಳು (ನಮ್ಮ ರಾಗಗಳಂಥವು) ಬೇಡುವ, ಪಿಯಾನೊದ ಮನೆಗಳ ನಡುವೆ ಉಳಿದುಬಿಡುವ ಸ್ವರಗಳು ಇದರಲ್ಲಿ ಸಲೀಸಾಗಿ ದಕ್ಕುತ್ತವೆ. ರಬೀಹ್ ಈ ವಾದ್ಯವನ್ನು ಜಾಜ್ ಕಲಾವಿದರ ನಡುವೆ ತಂದು ಕೂರಿಸಿದ, ಆದರೆ ಅದರ ಸ್ವಭಾವವನ್ನು ಪಳಗಿಸಲು ಹೋಗಲಿಲ್ಲ. ಬೆಸ ಎಣಿಕೆಯ ತಾಳಗಳು, ವಾದ್ಯಗಳೆಲ್ಲ ಒಂದೇ ಎಳೆಯ ರಾಗವನ್ನು ಒಟ್ಟಿಗೆ ನುಡಿಸುವುದು ಅವನ ಗುರುತು. ತವರಿಗಾಗಿ ಹಲುಬುವ ಧಾಟಿ ಕಡಿಮೆ, ತುಂಟತನವೇ ಹೆಚ್ಚು. ಒಂದು ಆಲ್ಬಮ್‌ಗೆ ಇಟ್ಟ ಹೆಸರೇ ‘ದ ಸುಲ್ತಾನ್ಸ್ ಪಿಕ್ನಿಕ್’ (1994).

‘ನಫಸ್’ (1988) ಮುಖ್ಯ ಧ್ವನಿಮುದ್ರಿಕೆಗಳಲ್ಲೊಂದು. ‘ಬ್ಲೂ ಕ್ಯಾಮೆಲ್’ (1992) ಹೆಚ್ಚು ಪ್ರಸಿದ್ಧ. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಅಮೆರಿಕದ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ‘ಜ್ಯೋತಿ’ (1983) ಮುದ್ರಿಸಿದವನು. ‘ಬ್ಲೂ ಕ್ಯಾಮೆಲ್’ನಲ್ಲಿ ತಾಳವಾದ್ಯಕ್ಕೆ ಮದ್ರಾಸ್ ಮೂಲದ ರಮೇಶ್ ಶೋಥಮ್ ಇದ್ದರು.