12 ವೋಲ್ಟಿನ ಬಿಸಿಲು

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿದೆ. ಬೇಸಿಗೆಯಲ್ಲಿ ಅಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ಚಳಿಗಾಲ ಬಂತೆಂದರೆ ಉತ್ತರದ ಹಿಮಕ್ಕೆ ಹೆದರಿದ ನಿವೃತ್ತರು ಕ್ಯಾಂಪರು, ಟ್ರೇಲರುಗಳಲ್ಲಿ ಸಾಲುಗಟ್ಟಿ ಬಂದು ಬೀಡುಬಿಡುತ್ತಾರೆ. 1983ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಭೂ ಇಲಾಖೆ ಹೀಗೆ ತಿಂಗಳುಗಟ್ಟಲೆ ತಂಗುವವರಿಗೆಂದೇ ಜಾಗಗಳನ್ನು ಗೊತ್ತುಮಾಡಿತು. ಬಾಡಿಗೆ ಅಗ್ಗ, ಗಾಡಿಯ ಪಕ್ಕ ಕರೆಂಟಿನ ಕಂಬ ಮಾತ್ರ ಇಲ್ಲ. ದೀಪ, ನೀರಿನ ಪಂಪು, ಟಿವಿ ಎಲ್ಲಕ್ಕೂ ಗಾಡಿಯೊಳಗಿನ ಬ್ಯಾಟರಿಯೇ ಗತಿ. ಅದು ಖಾಲಿಯಾದರೆ ಗಡಗಡ ಸದ್ದಿನ ಜನರೇಟರ್, ಅದರ ಹಿಂದೆಯೇ ಪಕ್ಕದ ಗಾಡಿಯವರ ಸಿಟ್ಟು. ಸೋಲಾರ್ ಪ್ಯಾನೆಲ್ ಗಾಡಿಯ ಮಾಡು ಹತ್ತಿದ್ದಕ್ಕೆ ಪರಿಸರಪ್ರೇಮ ಒಂದು ಪಾಲು ಕಾರಣವಾದರೆ, ಸದ್ದಿಲ್ಲದ ನೆಮ್ಮದಿಯ ಆಸೆ ಮೂರು ಪಾಲು.

ಮಾಡು ಹತ್ತುವ ಮುಂಚೆ ಪ್ಯಾನೆಲ್ಲಿನ ಬೆಲೆ ಇಳಿಯಬೇಕಿತ್ತು. 1954ರಲ್ಲಿ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಸೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಅದನ್ನು ಮೊದಲು ನೆಚ್ಚಿಕೊಂಡವರು ಉಪಗ್ರಹ ಕಟ್ಟುವವರು. ಅವರಿಗೆ ದುಡ್ಡಿನ ಚಿಂತೆ ಇರಲಿಲ್ಲ. 1970ರ ಸುಮಾರಿಗೂ ಒಂದು ವಾಟಿಗೆ ನೂರು ಡಾಲರ್ ಆಸುಪಾಸು ಬೆಲೆ. 1973ರಲ್ಲಿ ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ, ತೈಲ ಕಂಪನಿ ಎಕ್ಸಾನ್‌ನ ಬೆಂಬಲದಿಂದ, ಇದನ್ನು ಇಪ್ಪತ್ತು ಡಾಲರಿಗೆ ಇಳಿಸಿದರು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಕೈಬಿಟ್ಟ ಸಿಲಿಕಾನ್ ಬಿಲ್ಲೆಗಳನ್ನು ಕೊಂಡು, ಹೊಳಪು ಕೊಡುವ ಕೆಲಸವನ್ನೇ ಬಿಟ್ಟುಬಿಟ್ಟದ್ದು ಅವರ ಜಾಣತನ. ಹೀಗೆ ತಯಾರಾದ ಪ್ಯಾನೆಲ್ಲುಗಳಿಗೆ ಒಳ್ಳೆಯ ಗಿರಾಕಿಗಳಾಗಿ ಸಿಕ್ಕವರು ಮೆಕ್ಸಿಕೋ ಕೊಲ್ಲಿಯ ತೈಲಬಾವಿಗಳವರು. ಸಮುದ್ರದ ನಡುವಿನ ಎಚ್ಚರಿಕೆ ದೀಪಗಳಿಗೆ ಅವರು ಅಲ್ಲಿಯವರೆಗೆ ಭಾರದ ಬ್ಯಾಟರಿಗಳನ್ನು ಹೊತ್ತೊಯ್ಯುತ್ತಿದ್ದರು. ಸೋಲಾರ್ ಉದ್ಯಮವನ್ನು ಎತ್ತಿ ಆಡಿಸಿದ್ದು ಪೆಟ್ರೋಲಿನವರೇ ಎಂಬುದು ಈ ಇತಿಹಾಸದ ತಮಾಷೆ.

ಉಪಗ್ರಹದ ಸೆಲ್ ತಯಾರಿಸುವ ಕಂಪನಿಯಿಂದ ಹೊರಬಿದ್ದ ಬಿಲ್ ಯರ್ಕೀಸ್ 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಕಾರ್ಖಾನೆ ಹಾಕಿದರು. ಸೆಲ್ಲುಗಳನ್ನು ಗಟ್ಟಿಗಾಜಿನ ಹಿಂದೆ ಭದ್ರವಾಗಿ ಅಂಟಿಸುವ ಅವರ ಪದ್ಧತಿಯೇ ಇಂದಿಗೂ ಪ್ಯಾನೆಲ್ಲಿನ ಮೂಲ ಮಾದರಿ. ಎರಡು ವರ್ಷದಲ್ಲಿ ಆ ಕಾರ್ಖಾನೆಯನ್ನು ಇನ್ನೊಂದು ತೈಲ ಕಂಪನಿ ಕೊಂಡು, ಅದು ಆರ್ಕೋ ಸೋಲಾರ್ ಆಯಿತು.

ಆ ಕಾಲದ ಪ್ಯಾನೆಲ್ಲುಗಳಲ್ಲಿ 36 ಎಂಬ ಸಂಖ್ಯೆ ಮತ್ತೆ ಮತ್ತೆ ಕಾಣುತ್ತದೆ. ಅದು ಸುಮ್ಮನೆ ಬಂದದ್ದಲ್ಲ. ಒಂದು ಸಿಲಿಕಾನ್ ಸೆಲ್ ಎಷ್ಟೇ ದೊಡ್ಡದಿರಲಿ, ಕೆಲಸ ಮಾಡುವಾಗ ಕೊಡುವುದು ಸುಮಾರು ಅರ್ಧ ವೋಲ್ಟ್. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಬೇಕಾದರೆ 14 ವೋಲ್ಟಿನ ಮೇಲೆ ಬೇಕು. ಬಿಸಿಯಾದಷ್ಟೂ ಸೆಲ್ಲಿನ ವೋಲ್ಟೇಜ್ ಕುಗ್ಗುತ್ತದೆ, ತಂತಿಯಲ್ಲೂ ಒಂದಿಷ್ಟು ಸೋರುತ್ತದೆ. ಇಷ್ಟೆಲ್ಲ ಕಳೆದೂ ಬ್ಯಾಟರಿ ತುಂಬಲು 36 ಸೆಲ್ಲುಗಳ ಸಾಲು, ಅಂದರೆ 17–18 ವೋಲ್ಟ್, ಸಾಕಾಯಿತು. ದರ್ಜಿ ಮೈಯಳತೆ ತೆಗೆದು ಅಂಗಿ ಹೊಲಿಯುವಂತೆ, ಬ್ಯಾಟರಿಯ ಅಳತೆ ನೋಡಿ ಪ್ಯಾನೆಲ್ ಮಾಡಿದರು.

ಬ್ಯಾಟರಿ 12 ವೋಲ್ಟಿನದೇ ಯಾಕೆ? ಕಾರುಗಳ ಪದ್ಧತಿ ಅದು. 1970ರ ದಶಕದಲ್ಲಿ ಪಟ್ಟಣ ಬಿಟ್ಟು ಕ್ಯಾಲಿಫೋರ್ನಿಯಾದ ಕಾಡು ಸೇರಿದ ತರುಣರು ಗುಡಿಸಲಿನಲ್ಲಿ ದೀಪ, ರೇಡಿಯೋ ನಡೆಸಿದ್ದೂ ಕಾರಿನ ಬ್ಯಾಟರಿಯಿಂದಲೇ. 12 ವೋಲ್ಟಿನ ಪಂಪು, ಟಿವಿ, ಫ್ಯಾನು ಬೇಕೆಂದರೆ ಕ್ಯಾಂಪರ್ ಸಾಮಾನಿನ ಅಂಗಡಿಗೇ ಹೋಗಬೇಕಿತ್ತು. 1978ರಲ್ಲಿ ವಿಲಿಟ್ಸ್ ಎಂಬ ಊರಿನಲ್ಲಿ ತೆರೆದ ರಿಯಲ್ ಗೂಡ್ಸ್ ಅಂಗಡಿ ಇಂಥವರಿಗೆ ಪ್ಯಾನೆಲ್ ಮಾರತೊಡಗಿತು. 1987ರಲ್ಲಿ ಆರೆಗಾನಿನಿಂದ ಹೊರಟ 'ಹೋಮ್ ಪವರ್' ಪತ್ರಿಕೆ ತಂತಿ ಜೋಡಿಸುವುದನ್ನು ಕಲಿಸಿತು. ಗಾಡಿಯೇ ಮನೆಗೆ ವಿದ್ಯುತ್ ಪಾಠ ಹೇಳಿದ ಕಾಲ ಅದು. 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸೆಲ್ಕೋ ಕರ್ನಾಟಕದ ಹಳ್ಳಿಮನೆಗಳಿಗೆ ಹಾಕಿಕೊಟ್ಟ ದೀಪಗಳದ್ದೂ ಇದೇ ಏರ್ಪಾಡು: ಮಾಡಿನ ಮೇಲೊಂದು ಪ್ಯಾನೆಲ್, ಬ್ಯಾಟರಿ ಅತಿಯಾಗಿ ತುಂಬದಂತೆ ಕಾಯಲು ಗೋಡೆಗೊಂದು ಚಾರ್ಜ್ ಕಂಟ್ರೋಲರ್, ಮೂಲೆಯಲ್ಲಿ 12 ವೋಲ್ಟಿನ ಬ್ಯಾಟರಿ.

ಕಂಟ್ರೋಲರಿನ ದುಡ್ಡು ಉಳಿಸುವ ಒಂದು ಉಪಾಯವೂ ಬಂದಿತ್ತು. ಸೆಲ್ಲುಗಳನ್ನು ಮೂವತ್ತರ ಆಸುಪಾಸಿಗೆ ಇಳಿಸಿದರೆ ಬ್ಯಾಟರಿ ತುಂಬುತ್ತಿದ್ದಂತೆ ಪ್ಯಾನೆಲ್ಲಿನ ವೋಲ್ಟೇಜೇ ಸಾಲದೆ ಚಾರ್ಜು ತಾನಾಗಿ ತಗ್ಗುತ್ತದೆ; 'ಸೆಲ್ಫ್ ರೆಗ್ಯುಲೇಟಿಂಗ್' ಎಂದು ಹೆಸರಿಟ್ಟು ಗಾಡಿ, ದೋಣಿಯವರಿಗೆ ಮಾರಿದರು. ಕಾಗದದ ಮೇಲೆ ಚೆಂದದ ಲೆಕ್ಕ. ಆದರೆ ಸುಡುವ ಮಾಡಿನ ಮೇಲೆ ಸೆಲ್ಲಿನ ಬಿಸಿ 60 ಡಿಗ್ರಿ ಮುಟ್ಟಿದಾಗ ಅಂಥ ಪ್ಯಾನೆಲ್ 13 ವೋಲ್ಟ್ ಹೊರಡಿಸಲೂ ಏದುಸಿರು ಬಿಡುತ್ತದೆ. ಅರೆಹೊಟ್ಟೆಯಲ್ಲೇ ಉಳಿದ ಲೆಡ್ ಆಸಿಡ್ ಬ್ಯಾಟರಿ ಸಲ್ಫೇಟ್ ಕಟ್ಟಿ ಬೇಗ ಸಾಯುತ್ತದೆ. ಉಳಿಸಿದ ಕಾಸು ಬ್ಯಾಟರಿ ಅಂಗಡಿಗೆ ಹೋಯಿತು.

ಕಂಟ್ರೋಲರುಗಳೂ ಮೊದಲಿಗೆ ಒರಟೇ. ವೋಲ್ಟೇಜ್ ಏರಿದರೆ ರಿಲೇ ಟಕ್ಕೆಂದು ಸಂಪರ್ಕ ಕಡಿಯುತ್ತಿತ್ತು, ಇಳಿದರೆ ಮತ್ತೆ ಕೂಡಿಸುತ್ತಿತ್ತು. 1990ರ ದಶಕದಲ್ಲಿ ಪಿಡಬ್ಲ್ಯುಎಂ ಎಂಬ ವಿಧಾನ ಬಂದು, ಕರೆಂಟನ್ನು ಸೆಕೆಂಡಿಗೆ ಎಷ್ಟೋ ಬಾರಿ ತುಂಡರಿಸಿ, ತುಂಬುತ್ತಿದ್ದಂತೆ ಸಣ್ಣದಾಗಿ ಉಣಿಸುವುದನ್ನು ರೂಢಿಗೆ ತಂದಿತು. ಪ್ಯಾನೆಲ್ಲನ್ನು ಅದರ ಅತ್ಯುತ್ತಮ ವೋಲ್ಟೇಜಿನಲ್ಲೇ ದುಡಿಸಿ, ಆಮೇಲೆ ಬ್ಯಾಟರಿಗೆ ಬೇಕಾದಂತೆ ಪರಿವರ್ತಿಸುವ ಎಂಪಿಪಿಟಿ ಎಂಬ ವಿಧಾನ ಅದಕ್ಕೂ ಹಳೆಯ ವಿಚಾರ. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್ ಓಡಿ ಗೆದ್ದ ಜನರಲ್ ಮೋಟರ್ಸ್‌ನ ಸೋಲಾರ್ ಕಾರು 'ಸನ್‌ರೇಸರ್' ಇದನ್ನೇ ನೆಚ್ಚಿಕೊಂಡಿತ್ತು. ಗಾಡಿಯವರಿಗೆ ಇದನ್ನು ಒದಗಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಹೆಸರೇ 'ಆರ್‌ವಿ ಪವರ್ ಪ್ರಾಡಕ್ಟ್ಸ್'; ಆರ್‌ವಿ ಎಂದರೆ ಇಂಥ ವಾಸದ ಗಾಡಿ. ಮುಂದೆ ಅದು ಬ್ಲೂ ಸ್ಕೈ ಎನರ್ಜಿ ಆಯಿತು.

ಆಗಿನ್ನೂ ಎಂಪಿಪಿಟಿ ದುಡ್ಡಿದ್ದವರ ಶೋಕಿ. ಅದನ್ನು ಅಗತ್ಯವಾಗಿಸಿದ್ದು ಜರ್ಮನಿ. ಅಲ್ಲಿ 2000ದ ಕಾನೂನು ಗ್ರಿಡ್ಡಿಗೆ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಕೊಟ್ಟ ಸೋಲಾರ್ ವಿದ್ಯುತ್ತಿಗೆ ಒಳ್ಳೆಯ ದರ ಕಟ್ಟಿತು. ಪ್ಯಾನೆಲ್ ಮಾರುಕಟ್ಟೆ ಬ್ಯಾಟರಿಯನ್ನು ಬಿಟ್ಟು ಗ್ರಿಡ್ಡಿನ ಕಡೆ ಹೊರಳಿತು. 60 ಸೆಲ್ಲಿನ, 30 ವೋಲ್ಟ್ ಹತ್ತಿರದ ದೊಡ್ಡ ಪ್ಯಾನೆಲ್ ರಾಶಿರಾಶಿ ತಯಾರಾಗಿ, ವಾಟಿನ ಲೆಕ್ಕದಲ್ಲಿ 36 ಸೆಲ್ಲಿನದಕ್ಕಿಂತ ಅಗ್ಗವಾಯಿತು. ಆಸೆಪಟ್ಟು 250 ವಾಟಿನದೊಂದನ್ನು ತಂದು ಪಿಡಬ್ಲ್ಯುಎಂ ಮೂಲಕ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದವನಿಗೆ, ಪ್ಯಾನೆಲ್ ಬ್ಯಾಟರಿಯ ವೋಲ್ಟೇಜಿಗೇ ಇಳಿಯುವುದರಿಂದ, ದಕ್ಕುವುದು ಎಂಟು ಚಿಲ್ಲರೆ ಆಂಪಿಯರ್, ಅಂದರೆ 110 ವಾಟಿನ ಆಸುಪಾಸು. ಉಳಿದದ್ದು ಮಾಡಿನ ಮೇಲೆಯೇ ವ್ಯರ್ಥ. ಎಂಪಿಪಿಟಿ ಇದ್ದರೆ ಆ ನಷ್ಟ ಬಹುಪಾಲು ತಪ್ಪುತ್ತದೆ. ಹಾಗೆಂದು ನೂರು ವಾಟಿನ ಒಂದೇ 36 ಸೆಲ್ಲಿನ ಪ್ಯಾನೆಲ್ ಇರುವ ಪುಟ್ಟ ಟ್ರೇಲರಿಗೆ ದುಬಾರಿ ಕಂಟ್ರೋಲರ್ ಕಟ್ಟುವುದು ದುಂದು.

ಯಾವ ಕಂಟ್ರೋಲರೂ ಸರಿಪಡಿಸಲಾಗದ್ದು ಸೂರ್ಯನ ಓರೆ. ಡಿಸೆಂಬರಿನಲ್ಲಿ ಕ್ವಾರ್ಟ್ಸೈಟಿನ ನಡುಹಗಲ ಸೂರ್ಯ ಏರುವುದು 33 ಡಿಗ್ರಿ ಮಾತ್ರ. ಬೆಂಗಳೂರಿನಲ್ಲಿ 53ರಷ್ಟಾದರೂ ಏರುತ್ತಾನೆ. ಹಾಗಾಗಿ ಮಾಡಿನ ಮೇಲೆ ಅಂಗಾತ ಮಲಗಿಸಿದ ಪ್ಯಾನೆಲ್ಲಿಗೆ ಅಲ್ಲಿ ನೇರ ಬಿಸಿಲಿನ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ, ಅಷ್ಟೆ. ಹಳಬರು ಏಣಿ ಹತ್ತಿ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಎತ್ತಿ ನಿಲ್ಲಿಸುತ್ತಿದ್ದುದು ಅದಕ್ಕೇ. ಪ್ಯಾನೆಲ್ ಅಗ್ಗವಾದ ಮೇಲೆ ಅನೇಕರು ಏಣಿ ಹತ್ತುವುದನ್ನು ಬಿಟ್ಟು ಇನ್ನೊಂದು ಪ್ಯಾನೆಲ್ ಹಾಕಿಸಿಕೊಂಡರು.