ಆಸ್ಟಿಯೋಪಥಿ: ಕೈಸ್ಪರ್ಶದ ಚಿಕಿತ್ಸೆಯೂ ಅದರ ಮೇರೆಗಳೂ

ಮಹಾನಗರಗಳಲ್ಲಿ ಫಿಸಿಯೋಥೆರಪಿ, ಕೈರೋಪ್ರಾಕ್ಟಿಕ್ ಎಂಬ ಫಲಕಗಳ ನಡುವೆ ಈಚೆಗೆ ಅಲ್ಲಲ್ಲಿ 'ಆಸ್ಟಿಯೋಪಥಿ' ಎಂಬ ಹೆಸರೂ ಕಣ್ಣಿಗೆ ಬೀಳುತ್ತಿದೆ. ಹೋಮಿಯೋಪಥಿಯ ಪರಿಚಯವಿರುವ ನಮ್ಮ ಹಿರಿಯರು ಇದೂ ಸಿಹಿಗುಳಿಗೆಯ ಇನ್ನೊಂದು ಪದ್ಧತಿ ಇರಬೇಕೆಂದು ಭಾವಿಸಿದರೆ ಅಚ್ಚರಿಯಿಲ್ಲ. ಆದರೆ ಇಲ್ಲಿ ಗುಳಿಗೆಯೂ ಇಲ್ಲ, ಕಷಾಯವೂ ಇಲ್ಲ. ಗ್ರೀಕ್ ಭಾಷೆಯಲ್ಲಿ 'ಆಸ್ಟಿಯಾನ್' ಎಂದರೆ ಮೂಳೆ, 'ಪಾಥೋಸ್' ಎಂದರೆ ಬಾಧೆ. ಮೂಳೆ, ಕೀಲು, ಸ್ನಾಯುಗಳನ್ನು ಬರಿಯ ಕೈಗಳಿಂದ ಪರೀಕ್ಷಿಸಿ, ಕೈಗಳಿಂದಲೇ ಉಪಚರಿಸುವ ಕ್ರಮವಿದು.

ಇದರ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಅವರ ತಂದೆ ಮೆಥಡಿಸ್ಟ್ ಧರ್ಮೋಪದೇಶಕರೂ ವೈದ್ಯರೂ ಆಗಿದ್ದರು. ಮಗನೂ ವೈದ್ಯವೃತ್ತಿಯನ್ನೇ ಹಿಡಿದರು. ಅಂತರ್ಯುದ್ಧದಲ್ಲಿ ಉತ್ತರದ ಪಕ್ಷದ ಸೇನೆಯಲ್ಲಿ ಸೇವೆ ಸಲ್ಲಿಸಿದರು. 1864ರಲ್ಲಿ ಮೆದುಳುಪೊರೆಯ ಉರಿಯೂತದಿಂದ ಅವರ ಮನೆಯ ಮೂವರು ಮಕ್ಕಳು ತೀರಿಕೊಂಡರು. ಪಾದರಸದ ಔಷಧಿ, ಅಫೀಮು, ಭೇದಿಮದ್ದುಗಳೇ ಮುಖ್ಯ ಉಪಾಯಗಳಾಗಿದ್ದ ಕಾಲವದು. ತಾನು ಕಲಿತ ವಿದ್ಯೆ ಸ್ವಂತ ಮಕ್ಕಳನ್ನೂ ಉಳಿಸಲಿಲ್ಲವೆಂಬ ಕೊರಗಿನಿಂದ ಅವರು ಅಂಗರಚನಾಶಾಸ್ತ್ರದತ್ತ ಹೊರಳಿ, 1874ರಲ್ಲಿ ತಮ್ಮ ಹೊಸ ಪದ್ಧತಿಯನ್ನು ಸಾರಿದರು. ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಕೆಲವು ಕಾಲ 'ಮಿಂಚಿನ ವೇಗದಲ್ಲಿ ಮೂಳೆ ಕೂರಿಸುವವ' ಎಂದು ಹೇಳಿಕೊಂಡು ಊರೂರು ತಿರುಗಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಪಟ್ಟಣದಲ್ಲಿ ಮೊದಲ ಶಾಲೆ ತೆರೆದಾಗ ಸ್ತ್ರೀಯರಿಗೂ ಪ್ರವೇಶ ನೀಡಿದ್ದು ಆ ಕಾಲಕ್ಕೆ ದೊಡ್ಡ ಮಾತೇ ಸರಿ.

ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರು, ಎಣ್ಣೆ ಹಚ್ಚಿ ನೀವುವವರು ಹಿಂದಿನಿಂದಲೂ ಇದ್ದಾರೆ. ಚೆನ್ನೈಯ ಕನ್ನಡಿಗರಿಗೆ ಆಂಧ್ರದ ಪುತ್ತೂರಿನ ಮೂಳೆಕಟ್ಟು ಅಪರಿಚಿತವಲ್ಲ. ಆದರೆ ಮುರಿದ ಮೂಳೆಗೆ ಕಟ್ಟು ಹಾಕುವುದು ಇಂದಿನ ಆಸ್ಟಿಯೋಪಥಿಯ ಕೆಲಸವಲ್ಲ ಎಂಬುದನ್ನು ನೆನಪಿಡಬೇಕು.

ದೇಹವು ಬಿಡಿ ಅಂಗಗಳ ಮೊತ್ತವಲ್ಲ, ಒಂದು ಅಖಂಡ ಘಟಕ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿದೆ. ರಚನೆಯೂ ಕಾರ್ಯವೂ ಪರಸ್ಪರ ಅವಲಂಬಿಸಿವೆ ಎಂಬುದು ಈ ಪದ್ಧತಿಯ ತಳಹದಿ. ಆದ್ದರಿಂದ ಮಂಡಿನೋವೆಂದು ಹೋದವರ ಮಂಡಿಯನ್ನಷ್ಟೇ ನೋಡಿ ಕಳಿಸುವುದಿಲ್ಲ. ನಿಲ್ಲುವ ಭಂಗಿ, ನಡಿಗೆ, ಹಿಮ್ಮಡಿಯ ಗಂಟು, ಸೊಂಟದ ಕೀಲು, ಬೆನ್ನಿನ ಬಾಗುವಿಕೆ ಎಲ್ಲವನ್ನೂ ಗಮನಿಸುತ್ತಾರೆ. ಬಳಿಕ ಬಿಗಿದ ಸ್ನಾಯುಗಳನ್ನು ನೀವಿ ಹಿಗ್ಗಿಸುವುದು, ಕೀಲನ್ನು ನಿಧಾನವಾಗಿ ಆಡಿಸುವುದು, ರೋಗಿಯೇ ತನ್ನ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವಂತೆ ಮಾಡಿಸುವುದು ಇತ್ಯಾದಿ ವಿಧಾನಗಳುಂಟು. ಕೆಲವೊಮ್ಮೆ ಚುರುಕಾದ ಒಂದು ಸಣ್ಣ ತಳ್ಳುವಿಕೆಯಿಂದ 'ಲಟಕ್' ಎಂಬ ಸದ್ದು ಬರುತ್ತದೆ. ಜಾರಿದ ಮೂಳೆ ಸ್ವಸ್ಥಾನಕ್ಕೆ ಬಂದಿತೆಂದು ಹಲವರು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಅದು ಬೆರಳಿನ ನೆಟಿಗೆ ಮುರಿದಾಗ ಕೇಳಿಸುವಂತಹ, ಕೀಲಿನ ದ್ರವದೊಳಗಿನ ಅನಿಲದ ಸದ್ದು.

ಒಂದೇ ಹೆಸರಿಗೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಅರ್ಥವಿರುವುದೇ ಇಲ್ಲಿನ ದೊಡ್ಡ ತೊಡಕು. ಅಮೆರಿಕದ ಮಕ್ಕಳ ಮನೆಗೆ ಹೋದ ಹಿರಿಯರು, ಅಲ್ಲಿನ ವೈದ್ಯರ ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಒ. ಎಂದಿರುವುದನ್ನು ಕಂಡು ಸಂದೇಹಪಡಬೇಕಾಗಿಲ್ಲ. ಅವರು ಶಸ್ತ್ರಚಿಕಿತ್ಸೆ ಮಾಡಬಲ್ಲ, ಔಷಧಿ ಬರೆಯಬಲ್ಲ ಪೂರ್ಣ ಪ್ರಮಾಣದ ವೈದ್ಯರು. ಅಧ್ಯಕ್ಷ ಟ್ರಂಪ್ ಅವರ ಮೊದಲ ಅವಧಿಯಲ್ಲಿ ವೈದ್ಯರಾಗಿದ್ದ ಷಾನ್ ಕಾನ್ಲಿ, ಬೈಡನ್ ಅವರ ವೈದ್ಯರಾಗಿದ್ದ ಕೆವಿನ್ ಓಕಾನರ್ ಇಬ್ಬರದೂ ಇದೇ ಪದವಿ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ 1993ರ ಕಾಯಿದೆಯಂತೆ ನೋಂದಣಿಯಾದವರು ಮಾತ್ರ ಈ ಹೆಸರನ್ನು ಬಳಸಬಹುದಾದರೂ, ಅವರು ಕೈಚಿಕಿತ್ಸಕರೇ ಹೊರತು ಔಷಧಿ ಬರೆಯುವ ವೈದ್ಯರಲ್ಲ.

ಭಾರತದಲ್ಲಿ ಆಯುಷ್ ಸಚಿವಾಲಯದ ವ್ಯಾಪ್ತಿಯಲ್ಲಿರುವ ಪದ್ಧತಿಗಳ ಸಾಲಿಗೆ ಆಸ್ಟಿಯೋಪಥಿ ಸೇರಿಲ್ಲ. ಬ್ರಿಟನ್ನಿನಲ್ಲಿರುವಂತಹ ಪ್ರತ್ಯೇಕ ಶಾಸನಬದ್ಧ ಪರಿಷತ್ತೂ ನಮ್ಮಲ್ಲಿಲ್ಲ. ಒಡಿಶಾದ ಕಟಕ್ ಬಳಿಯ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ಇದರ ಪದವಿ ಶಿಕ್ಷಣವಿದೆ. ಫಲಕವೊಂದರಿಂದಲೇ ಕಲಿಕೆಯ ಆಳ ತಿಳಿಯದಾದ್ದರಿಂದ, ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವಾರಾಂತ್ಯದ ಶಿಬಿರಕ್ಕೂ ನಾಲ್ಕು ವರ್ಷದ ವ್ಯಾಸಂಗಕ್ಕೂ ಅಂತರ ಬಹಳ.

ಇದರಿಂದ ಗುಣ ಕಾಣುವುದೇ? ದೀರ್ಘಕಾಲದ ಸೊಂಟನೋವಿನಲ್ಲಿ ಸ್ವಲ್ಪಮಟ್ಟಿನ ಉಪಶಮನಕ್ಕೆ ಆಧಾರಗಳಿವೆ. ಆದರೆ ಫ್ರಾನ್ಸಿನಲ್ಲಿ 400 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೋರಿಕೆಯ ಚಿಕಿತ್ಸೆಗಿಂತ ಇದರಿಂದ ದೊರೆತ ಪ್ರಯೋಜನ ಅಲ್ಪವೆಂದೇ ಕಂಡುಬಂದಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯು ಕೈಚಿಕಿತ್ಸೆಯನ್ನು ವ್ಯಾಯಾಮದೊಂದಿಗೆ ಸೇರಿಸಿ ಮಾತ್ರ ಪರಿಗಣಿಸಬಹುದೆನ್ನುತ್ತದೆ. ಮಲಗಿ ಒತ್ತಿಸಿಕೊಂಡು ಬಂದು ಮತ್ತೆ ಹತ್ತು ತಾಸು ಕಂಪ್ಯೂಟರಿನ ಮುಂದೆ ಬಾಗಿ ಕುಳಿತರೆ ಹಣವಷ್ಟೇ ಖರ್ಚಾದೀತು. ಇನ್ನು ತಲೆಬುರುಡೆಯ ಮೂಳೆಗಳನ್ನು ಹಗುರವಾಗಿ ಒತ್ತುವ 'ಕ್ರೇನಿಯಲ್' ವಿಧಾನಕ್ಕಾಗಲಿ, ಆಸ್ತಮಾ, ಹಸುಗೂಸುಗಳ ಹೊಟ್ಟೆನೋವುಗಳು ವಾಸಿಯಾಗುವುವೆಂಬ ಮಾತಿಗಾಗಲಿ ತಕ್ಕ ಆಧಾರವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕೆಲವರು ವೈದ್ಯರ ಸಲಹೆಯಿಲ್ಲದೆ ಈ ಮೇಜಿನ ಮೇಲೆ ಮಲಗಬಾರದು: ಮೂಳೆ ಸವೆತವಿರುವ ವೃದ್ಧರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಸಂಧಿವಾತದಿಂದ ಕುತ್ತಿಗೆಯ ಕೀಲುಗಳು ದುರ್ಬಲವಾದವರು, ಹಿಂದೆ ಕ್ಯಾನ್ಸರ್ ಆಗಿದ್ದವರು. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ಅಪರೂಪವಾಗಿಯಾದರೂ, ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಉಂಟಾದ ಪ್ರಕರಣಗಳಿವೆ. ಕುತ್ತಿಗೆಗೆ ಆ ವಿಧಾನ ಬೇಡವೆಂದು ಹೇಳುವ ಹಕ್ಕು ರೋಗಿಗೆ ಇದ್ದೇ ಇದೆ.

ಬೆನ್ನುನೋವಿನ ಜೊತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಕುಂದಿದರೆ, ಕಾಲಿನ ಬಲ ಕುಸಿದರೆ ಯಾವ ಕೈಚಿಕಿತ್ಸೆಗೂ ಕಾಯದೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದ ತೂಕ ಇಳಿತ, ಬಿದ್ದ ನಂತರ ಆರಂಭವಾದ ನೋವು ಇದ್ದಲ್ಲಿ ಮೊದಲು ವೈದ್ಯರ ಪರೀಕ್ಷೆ ಆಗಲಿ. ಎಡಭುಜದ ನೋವಿನೊಂದಿಗೆ ಎದೆಯ ಬಿಗಿತವೋ ಬೆವರುವಿಕೆಯೋ ಕಂಡರೆ ಅದನ್ನು ಸ್ನಾಯುವಿನ ಉಳುಕೆಂದು ನೀವಿಸಿಕೊಳ್ಳುತ್ತ ಕೂರಬಾರದು, ಅದು ಹೃದಯದ್ದಿರಬಹುದು.